ಮೇದೋಜೀರಕದ ಕೀವು: ಹೊಟ್ಟೆ ಕೊಯ್ಯದೆ ತೆಗೆಯುವುದು ಹೇಗೆ?

ಸಿರುಗುಪ್ಪದಿಂದಲೋ ಸಂಡೂರಿನಿಂದಲೋ ತೀವ್ರ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ರೋಗಿಯನ್ನು ಬಳ್ಳಾರಿಗೆ ಕರೆತಂದ ಮನೆಯವರು ವೈದ್ಯರನ್ನು ಮೊದಲು ಕೇಳುವುದು ‘ಆಪರೇಷನ್ ಯಾವಾಗ ಮಾಡ್ತೀರಿ ಸರ್?’ ಎಂದು. ‘ಈಗಲೇ ಬೇಡ’ ಎಂಬ ಉತ್ತರ ಬಂದರೆ ಅದನ್ನು ನಿರ್ಲಕ್ಷ್ಯವೆಂದು ತಿಳಿಯಬಾರದು. ಈ ಕಾಯಿಲೆಯಲ್ಲಿ ಕಾಯುವುದೂ ಚಿಕಿತ್ಸೆಯೇ.

ಪಿತ್ತಕೋಶದ ಕಲ್ಲಿನಿಂದಲೋ ಮದ್ಯಪಾನದಿಂದಲೋ ಉರಿಯೂತಕ್ಕೆ ಒಳಗಾದ ಮೇದೋಜೀರಕ ಗ್ರಂಥಿಯ ಒಂದು ಭಾಗ ಸತ್ತು, ಅಲ್ಲಿಗೆ ಸೋಂಕು ಸೇರಿದಾಗ ಜ್ವರ ಮರುಕಳಿಸುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಆ ಜಾಗದಲ್ಲಿ ಗಾಳಿಗುಳ್ಳೆಗಳು ಕಂಡರೆ ಸೋಂಕಿನ ಶಂಕೆ ಬಲವಾಗುತ್ತದೆ. ಮೊದಲ ಹೆಜ್ಜೆ ಆ್ಯಂಟಿಬಯೋಟಿಕ್ ಮತ್ತು ಬಾಯಿಂದ ಊಟ ಸೇರದಿದ್ದರೆ ಮೂಗಿನ ನಳಿಕೆಯ ಮೂಲಕ ಆಹಾರ. ಸುಮಾರು 4 ವಾರ ಕಳೆದಾಗ ಸತ್ತ ಅಂಗಾಂಶದ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಅದಕ್ಕೂ ಮುನ್ನ ಕೆದಕಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಆದರೆ ರೋಗಿಯ ಸ್ಥಿತಿ ಬಿಗಡಾಯಿಸಿದರೆ ಅಷ್ಟು ದಿನ ಕಾಯುವಂತಿಲ್ಲ.

ಎರಡನೆಯದು ಕೀವನ್ನು ಹೊರಬಿಡುವುದು. ಸ್ಕ್ಯಾನ್ ನೋಡುತ್ತ, ಸಾಧ್ಯವಾದರೆ ಎಡಪಕ್ಕೆಯ ಹಿಂಭಾಗದಿಂದ ಕರುಳಿಗೆ ತಾಗದಂತೆ ಚರ್ಮದ ಮೂಲಕ ನಳಿಕೆ ಇಳಿಸುವುದು ಒಂದು ದಾರಿ. ಅಲ್ಟ್ರಾಸೌಂಡ್ ಅಳವಡಿಸಿದ ಎಂಡೋಸ್ಕೋಪನ್ನು (ಕ್ಯಾಮೆರಾ ಇರುವ ಬಾಗುವ ಕೊಳವೆ) ಬಾಯಿಂದ ಇಳಿಸಿ, ಜಠರದ ಗೋಡೆಯ ಮೂಲಕ ಸ್ಟೆಂಟ್ (ಕೀವು ಜಠರಕ್ಕೆ ಹರಿಯಲು ದಾರಿ ಮಾಡುವ ಚಿಕ್ಕ ಕೊಳವೆ) ಕೂರಿಸುವುದು ಇನ್ನೊಂದು. ಕೀವು ಎಲ್ಲಿದೆ ಎಂಬುದರ ಮೇಲೆ ಆಯ್ಕೆ ನಿಂತಿದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಹಂತ ಹಂತವಾಗಿ ಚಿಕಿತ್ಸೆ ಪಡೆದವರಲ್ಲಿ ಶೇ 35ರಷ್ಟು ಮಂದಿಗೆ ಕೀವು ಹೊರಬಿಟ್ಟದ್ದೇ ಸಾಕಾಯಿತು.

ಸಾಕಾಗದಿದ್ದರೆ ಮೂರನೆಯ ಹೆಜ್ಜೆ: ಅದೇ ನಳಿಕೆಯ ಜಾಡು ಹಿಡಿದು, ಚಿಕ್ಕ ಗಾಯದಿಂದ ಕ್ಯಾಮೆರಾ ಇಳಿಸಿ, ಇಲ್ಲವೇ ಜಠರದ ಕಡೆಯಿಂದ ಎಂಡೋಸ್ಕೋಪ್ ತೂರಿಸಿ, ಸಡಿಲವಾದ ಸತ್ತ ಅಂಗಾಂಶವನ್ನಷ್ಟೇ ತೆಗೆಯುತ್ತಾರೆ. ಅಂಟಿಕೊಂಡದ್ದನ್ನು ಎಳೆಯುವುದಿಲ್ಲ, ಎಳೆದರೆ ರಕ್ತನಾಳ ಹರಿಯಬಹುದು. ಆದ್ದರಿಂದ ಇದನ್ನು ಎರಡು ಮೂರು ಬಾರಿ ಮಾಡಬೇಕಾಗಿ ಬಂದರೆ ಮನೆಯವರು ಧೃತಿಗೆಡಬಾರದು.

ಮನೆಯವರ ಕೆಲಸ ಇರುವುದು ನಳಿಕೆಯ ಆರೈಕೆಯಲ್ಲಿ. ದಪ್ಪ ಕೀವು ಕಟ್ಟಿ ನಳಿಕೆ ಮುಚ್ಚಿಹೋಗುವುದು ಸಾಮಾನ್ಯವಾದ್ದರಿಂದ, ಸಲೈನ್ ಹಾಕಿ ತೊಳೆಯುವ ಕ್ರಮವನ್ನು ನರ್ಸ್ ಬಳಿ ಕೈಯಾರೆ ಮಾಡಿ ಕಲಿಯಬೇಕು. ಸಿರಿಂಜ್ ಬಿಗಿಯಾದರೆ ಬಲವಂತವಾಗಿ ಒತ್ತದೆ ಆಸ್ಪತ್ರೆಗೆ ತಿಳಿಸಬೇಕು. ನಳಿಕೆಯಿಂದ ಕೀವು ಸೇರುವ ಚೀಲದಲ್ಲಿ ಕೆಂಪು ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಲೋಹದ ಸ್ಟೆಂಟ್ ಹಾಕಿದ್ದರೆ ಅದನ್ನು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತೆಗೆಸಬೇಕು. ಆ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಊರಿಗೆ ಹೊರಡಿ.