ಐದು ಸುತ್ತು, ಐದೈದು ತಟ್ಟೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಗಳಲ್ಲಿ ನಾನು ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಸ್ಪೆಷಲ್ ಟೀಚರ್. ಎಂಟನೇ ಕ್ಲಾಸಿನ ಒಬ್ಬ ಹುಡುಗನ ಅಮ್ಮ ಒಮ್ಮೆ ಕೇಳಿದರು: "ಟೀಚರೇ, ಹತ್ತು ಮುಗಿದ ಮೇಲೆ ಇವನು ಇಡೀ ದಿನ ಎಂತ ಮಾಡುವುದು?" ಅವನಿಗೆ ಬುದ್ಧಿ ಬೆಳವಣಿಗೆ ನಿಧಾನ. ಆಗ 14 ವರ್ಷ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ನಾನು ಪಾಠ, ಪರೀಕ್ಷೆ ಇಷ್ಟನ್ನೇ ನೋಡುತ್ತಿದ್ದೆ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಹೆಕ್ಕಿ ಒಟ್ಟುವುದೆಂದರೆ ಅವನಿಗೆ ಖುಷಿ. ಹತ್ತಿರದಲ್ಲೇ ಹಾಳೆತಟ್ಟೆ ಮಾಡುವ ಶೆಡ್ ಇತ್ತು. ಶನಿವಾರ ಎರಡು ಗಂಟೆ ಇವನನ್ನು ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ. ಬಿಸಿ ಅಚ್ಚಿನ ಹತ್ತಿರ ಬೇಡ, ಹಾಳೆ ತೊಳೆಯಲಿ, ತಟ್ಟೆ ಕಟ್ಟಲಿ ಎಂದು ಒಪ್ಪಿದರು. ಕಟ್ಟಿಗೆ 25 ತಟ್ಟೆ. ಅವನಿಗೆ ಲೆಕ್ಕ ಬರುವುದು ಐದರವರೆಗೆ. ಎರಡು ತಿಂಗಳು 25ರವರೆಗೆ ಎಣಿಸಲು ಕಲಿಸಿದೆ. ಆಗಲಿಲ್ಲ, ಅವನಿಗೆ ಸಿಟ್ಟು ಬಂತು. ಆಮೇಲೆ ನೆಲದಲ್ಲಿ ಸೀಮೆಸುಣ್ಣದಿಂದ ಐದು ಸುತ್ತು ಬರೆದೆ. ಒಂದೊಂದರಲ್ಲಿ ಐದು ತಟ್ಟೆ. ಎಲ್ಲ ತುಂಬಿದರೆ ಒಂದು ಕಟ್ಟು. ಅದೇ ದಿನ ಹನ್ನೊಂದು ಕಟ್ಟು ಮಾಡಿದ! ಆ ಎರಡು ತಿಂಗಳು ಅವನನ್ನು ಸುಮ್ನೆ ನೋಯಿಸಿದೆ ಎಂದು ಈಗಲೂ ಬೇಸರವಿದೆ.

ಒಬ್ಬನೇ ಬಸ್ಸಿನಲ್ಲಿ ಹೋಗಲು ಕಲಿಸುವುದು ಇನ್ನೂ ಕಷ್ಟವಾಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಂಡಕ್ಟರ್ ಕೇಳುವುದು ಮಲಯಾಳದಲ್ಲಿ. ಮೊದಲ ವಾರ ಪಕ್ಕದಲ್ಲಿ ಕೂತೆ, ಮುಂದಿನ ವಾರ ಹಿಂದಿನ ಸೀಟಿನಲ್ಲಿ, ಆಮೇಲೆ ಸ್ಟಾಪಿನಲ್ಲಿ ಕಾದೆ. ಒಂದು ದಿನ ಅವನು ಇಳಿಯಲೇ ಇಲ್ಲ. ಜೋರು ಮಳೆ, ಟರ್ಪಾಲು ಇಳಿಸಿದ್ದರು. ಅವನು ಗುರುತಿಟ್ಟ ಮರ ಕಾಣಲಿಲ್ಲ. ಅಂದಿನಿಂದ ಸ್ಟಾಪಿನ ಹೆಸರನ್ನು ಮಲಯಾಳದಲ್ಲಿ ಬರೆದ ಚೀಟಿ ಅವನ ಕಿಸೆಯಲ್ಲಿರುತ್ತದೆ.

ಹೆಚ್ಚಿನ ಹೆತ್ತವರಿಗೆ ಗೊತ್ತಿಲ್ಲದ ಒಂದು ವಿಷಯ: ಮಕ್ಕಳಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಹೆತ್ತವರು ತಾವಾಗಿಯೇ ಅವರ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಲೆಕ್ಟರ್ ಇರುವ ಸಮಿತಿಗೆ ಗಾರ್ಡಿಯನ್ ನೇಮಕಕ್ಕೆ ಅರ್ಜಿ ಹಾಕಬೇಕು. ಆದರೆ ಎಲ್ಲರಿಗೂ ಇದು ಬೇಕಾಗುವುದಿಲ್ಲ. ತನ್ನ ಬೇಕು ಬೇಡ ಹೇಳಬಲ್ಲವನ ಮಾತನ್ನು ಮೊದಲು ಕೇಳಬೇಕು ಅಲ್ವಾ? ಬೇರೆ ಒಂದು ಕಾಗದಕ್ಕೆ ಹೋದಾಗ ನಮ್ಮ ಕನ್ನಡ ಅರ್ಜಿಯನ್ನು ಕಚೇರಿಯಲ್ಲಿ ಹಿಂದೆ ಕೊಟ್ಟರು. ಇಲ್ಲಿ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ ಎಂದು ಹೇಳಿ, ಅಲ್ಲೇ ನಿಂತು, ಅದನ್ನೇ ಕೊಟ್ಟು ಬಂದೆವು.

ಈಗ ಅವನಿಗೆ 19. ಮೂರು ದಿನ ಶೆಡ್ಡಿನಲ್ಲಿ, ಉಳಿದ ದಿನ ಇಂಥವರಿಗಾಗಿ ಪಂಚಾಯತು ನಡೆಸುವ ಬಡ್ಸ್ ಕೇಂದ್ರದಲ್ಲಿ. ಕೂಲಿಯನ್ನು ಅವನ ಕೈಗೇ ಕೊಡಬೇಕು ಎಂದು ನಾನು ಹಟ ಹಿಡಿದೆ. ಅಮ್ಮನಿಗೆ ಮೊದಲು ಹೆದರಿಕೆ ಇತ್ತು. ಈಗ ಶನಿವಾರ ಪೇಟೆಯಿಂದ ಮೀನು ತರುವುದು ಅವನ ಕೆಲಸ.