ಮನೆ ಕಂಪ್ಯೂಟರಿಗೆ ಎಷ್ಟು ರ‍್ಯಾಮ್? ನಾನು 20ನೇ ತಾರೀಖಿನಂದು ಅಳೆದೆ

ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಮಂಡಿಪೇಟೆಯ ಕೆಲವು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಇಷ್ಟೇ. ನಾನು ಎದ್ದ ಮೇಲೆ ಅದೇ ಕಂಪ್ಯೂಟರಿನಲ್ಲಿ ಇಂಜಿನಿಯರಿಂಗ್ ಓದುವ ಮಗಳು ಕೂರುತ್ತಾಳೆ. ಅವಳಿಗೆ ಫೋನ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೊ ಬೇಕು. ಇದ್ದದ್ದು ವಿಂಡೋಸ್ 11, ಜೊತೆಗೆ ತೆರೆದ ಪ್ರೋಗ್ರಾಮುಗಳು ಕೆಲಸ ಮಾಡಲು ಬಳಸುವ ಮೆಮೊರಿ, ಅಂದರೆ 8 ಜಿಬಿ ರ‍್ಯಾಮ್.

ನಿಧಾನ ಆಗ್ತಿದೆ ಅಂತ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದೆ. "32 ಹಾಕ್ಸಿಬಿಡ್ರಿ ಮೇಡಂ, ಮುಂದೆ ತಲೆನೋವು ಇರಲ್ಲ" ಅಂದರು. ಗೆಳತಿಯೊಬ್ಬಳು "8 ಸಾಕು ಕಣೇ, ಸುಮ್ನೆ ದುಡ್ಡು ದಂಡ" ಅಂದಳು. ಇಬ್ಬರೂ ನನ್ನ ಕಂಪ್ಯೂಟರಿನ ಮುಖ ನೋಡಿದವರಲ್ಲ.

ಮೈಕ್ರೋಸಾಫ್ಟ್ ಹೇಳುವ ಲೆಕ್ಕವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅನ್ನುತ್ತಾರೆ. ಅದು ಕಂಪ್ಯೂಟರ್ ಶುರುವಾಗಲು ಸಾಕು, ಕೆಲಸ ಮಾಡಲು ಅಲ್ಲ. ನನ್ನದರಲ್ಲಿ ಏನೂ ತೆರೆಯದಿದ್ದರೂ 3 ಜಿಬಿಗಿಂತ ಜಾಸ್ತಿ ಖರ್ಚಾಗಿರುತ್ತಿತ್ತು.

ಅದಕ್ಕೇ ಅಳೆದು ನೋಡಿದೆ. ಯಾವತ್ತು ಅಳೆಯುತ್ತೇವೆ ಅನ್ನುವುದು ಮುಖ್ಯ. ಭಾನುವಾರ ಬೆಳಗ್ಗೆ ಯೂಟ್ಯೂಬ್ ಒಂದನ್ನೇ ಹಾಕಿ ನೋಡಿದರೆ ಯಾವ ಕಂಪ್ಯೂಟರಾದರೂ ಆರಾಮಾಗಿಯೇ ಕಾಣುತ್ತೆ. ತಿಂಗಳ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ ಕಟ್ಟಲು 20ನೇ ತಾರೀಖು ಕಡೇ ದಿನ. ಅವತ್ತು ನನ್ನ ಟೇಬಲ್ ಮೇಲೆ ಎಷ್ಟು ಕಾಗದ ಹರಡಿರುತ್ತೋ ಪರದೆ ಮೇಲೂ ಅಷ್ಟೇ ಕಿಟಕಿಗಳು. ಟ್ಯಾಲಿ, ದೊಡ್ಡ ದೊಡ್ಡ ಎಕ್ಸೆಲ್ ಶೀಟು, ಕ್ರೋಮ್‌ನಲ್ಲಿ ಸಾಲು ಸಾಲು ಟ್ಯಾಬು, ಸ್ಕ್ಯಾನ್ ಮಾಡಿದ ಬಿಲ್ಲುಗಳ ಪಿಡಿಎಫ್, ವಾಟ್ಸಾಪ್. ಸಂಜೆ ಇದ್ಯಾವುದನ್ನೂ ಮುಚ್ಚದೆ ಮಗಳಿಗೆ ಅವಳ ಕೆಲಸ ಶುರು ಮಾಡಲು ಹೇಳಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಅಲ್ಲಿಂದ ಮೆಮೊರಿ. 'ಇನ್ ಯೂಸ್' 7.1 ಜಿಬಿ ತೋರಿಸುತ್ತಿತ್ತು. 8ರಲ್ಲಿ ಸ್ವಲ್ಪ ಭಾಗವನ್ನು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನಮ್ಮ ಕೈಗೆ ಸಿಗುವುದು 7.8. 'ಕಮಿಟೆಡ್' ಅನ್ನುವ ಕಡೆ 12.6 ಇತ್ತು. ತೆರೆದಿರುವ ಪ್ರೋಗ್ರಾಮುಗಳೆಲ್ಲ ಸೇರಿ ನನಗಿಷ್ಟು ಬೇಕು ಅಂತ ಕೇಳಿ ಇಟ್ಟುಕೊಂಡ ಮೊತ್ತ ಅದು. ಕೇಳಿದ್ದನ್ನೆಲ್ಲ ಅವು ಬಳಸುವುದಿಲ್ಲ, ಸ್ವಲ್ಪ ದುರಾಸೆಯೂ ಅದರಲ್ಲಿ ಸೇರಿರುತ್ತೆ. ಆದರೂ ಕೇಳಿದ್ದು ಇರುವುದಕ್ಕಿಂತ ಇಷ್ಟೊಂದು ಮೇಲಿದ್ದರೆ ಉಳಿದದ್ದರಲ್ಲಿ ಒಂದಷ್ಟು ಡಿಸ್ಕಿಗೆ ಹೋಗುವ ಸಾಧ್ಯತೆಯೇ ಹೆಚ್ಚು. ಅಲ್ಲೇ ಇರುವುದು ನಿಧಾನದ ಮೂಲ. 'ಕ್ಯಾಶ್ಡ್' ಅನ್ನುವ ಅಂಕಿ ದೊಡ್ಡದಿದ್ದರೆ ಮಾತ್ರ ಗಾಬರಿ ಬೇಡ. ಖಾಲಿ ಇರುವ ರ‍್ಯಾಮನ್ನು ವಿಂಡೋಸ್ ಮತ್ತೆ ಬೇಕಾಗಬಹುದಾದ ಫೈಲುಗಳನ್ನು ಕೈಗೆಟುಕುವಂತೆ ಇಡಲು ಬಳಸಿಕೊಳ್ಳುತ್ತೆ, ಬೇಕಾದಾಗ ಬಿಟ್ಟುಕೊಡುತ್ತೆ.

ಡಿಸ್ಕಿನ ಓಡಾಟ ನಿಜವೇ ಅಂತ ಖಾತ್ರಿ ಮಾಡಿಕೊಳ್ಳಲು ರಿಸೋರ್ಸ್ ಮಾನಿಟರ್ ತೆರೆದೆ. ಅದರ ಮೆಮೊರಿ ಪುಟದಲ್ಲಿ 'ಹಾರ್ಡ್ ಫಾಲ್ಟ್ಸ್' ಅಂತ ಒಂದು ಗ್ರಾಫ್ ಇದೆ. ಬೇಕಾದದ್ದು ರ‍್ಯಾಮಿನಲ್ಲಿ ಇಲ್ಲದೆ ಡಿಸ್ಕಿನಿಂದ ತರಬೇಕಾದಾಗ ಅದು ಏರುತ್ತೆ. ಆಗಾಗ ಒಂದೆರಡು ಸಲ ಏರಿದರೆ ಪರವಾಗಿಲ್ಲ. ನನ್ನದರಲ್ಲಿ ಎಕ್ಸೆಲ್‌ನಿಂದ ಕ್ರೋಮ್‌ಗೆ ಹೋದಾಗೆಲ್ಲ ಗೆರೆ ಮೇಲೆದ್ದು, ಇಳಿಯಲು ಒಲ್ಲೆ ಅನ್ನುತ್ತಿತ್ತು. ಮಗಳು ಎಮ್ಯುಲೇಟರ್, ಅಂದರೆ ಪರದೆ ಮೇಲೆ ಓಡುವ ನಕಲಿ ಫೋನ್, ಶುರು ಮಾಡಿದ ಮೇಲಂತೂ ಮೌಸ್ ಕೂಡ ನಿಂತು ನಿಂತು ಸಾಗಿತು. ಎಮ್ಯುಲೇಟರ್ ಸಮೇತ ಆಂಡ್ರಾಯ್ಡ್ ಸ್ಟುಡಿಯೊ ನಡೆಸಲು ಕನಿಷ್ಠ 16 ಜಿಬಿ ಬೇಕು ಅಂತ ಗೂಗಲ್ಲೇ ಹೇಳುತ್ತದೆ. ನನ್ನ ಅಳತೆಯೂ ಅಲ್ಲಿಗೇ ಬಂತು. ಅವಳಿಲ್ಲದೆ ನನ್ನ ಕೆಲಸ ಮಾತ್ರ ಇದ್ದಿದ್ದರೆ 8ರಲ್ಲೇ ಎಳೆಯಬಹುದಿತ್ತು, ಕ್ರೋಮ್ ಟ್ಯಾಬು ಕಡಿಮೆ ಮಾಡಿಕೊಂಡು.

32 ಬೇಡ ಅಂದದ್ದು ಜಿಪುಣತನಕ್ಕಲ್ಲ. ನಮ್ಮ ಬೀದಿಯಲ್ಲಿ ಮದುವೆ ಆಲ್ಬಮ್ ಮಾಡುವ ಫೋಟೊ ಸ್ಟುಡಿಯೊದವರಿದ್ದಾರೆ. ಫೋಟೊಶಾಪ್‌ನಲ್ಲಿ ದೊಡ್ಡ ಪುಟಗಳು, ಪಕ್ಕದಲ್ಲೇ 4ಕೆ ವಿಡಿಯೊ ಎಡಿಟಿಂಗು. ಅವರಿಗೆ 32 ಸರಿ. ನನಗೆ 12.6ರ ಮೇಲೆ ಉಸಿರಾಡಲು ಒಂದಿಷ್ಟು ಜಾಗ ಇದ್ದರೆ ಆಯಿತು.

ಟಾಸ್ಕ್ ಮ್ಯಾನೇಜರಿನ ಅದೇ ಪುಟದಲ್ಲಿ ರ‍್ಯಾಮ್ ಕೂರಿಸುವ ಎರಡು ಸ್ಲಾಟಲ್ಲಿ ಒಂದು ಮಾತ್ರ ತುಂಬಿದೆ ಅಂತಲೂ ಬರೆದಿತ್ತು. ಅಂದರೆ ಹಳೆಯದನ್ನು ಬಿಸಾಕಬೇಕಿಲ್ಲ, ಇನ್ನೊಂದು 8 ಸೇರಿಸಿದರೆ ಸಾಕು. ಎರಡು ಸಮ ಸ್ಟಿಕ್, ಅಂದರೆ ರ‍್ಯಾಮಿನ ಪಟ್ಟಿ, ಇದ್ದರೆ ಅವು ಒಟ್ಟಿಗೆ ಮಾಹಿತಿ ಸಾಗಿಸುತ್ತವೆ, ಅಂದರೆ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮಂಥ ಕಂಪ್ಯೂಟರಿಗೆ ಅದು ಒಳ್ಳೆಯದೇ. ಕ್ಯಾಬಿನೆಟ್ ಬಿಚ್ಚಿ ಹಳೆ ಸ್ಟಿಕ್ಕಿನ ಚೀಟಿ ಓದಿದೆ. ಪಿಸಿ4-2666 ಅಂತಿತ್ತು. ಪಿಸಿ4 ಅಂದರೆ ಡಿಡಿಆರ್4 ಅನ್ನುವ ತಲೆಮಾರಿನ ರ‍್ಯಾಮ್, 2666 ಅದರ ಸ್ಪೀಡು. ಅದರ ಫೋಟೊ ಹಿಡಿದುಕೊಂಡು ಹೋಗಿ ಅದೇ ಥರದ್ದು ಕೇಳಿದೆ. ಡಿಡಿಆರ್3 ಕೊಟ್ಟರೆ ಕೂರುವುದೇ ಇಲ್ಲ, ಕೆಳಗಿನ ಕಚ್ಚಿನ ಜಾಗವೇ ಬೇರೆ. ಸ್ಪೀಡು ಬೇರೆ ಇದ್ದರೆ ಎರಡೂ ನಿಧಾನದ್ದರ ಲೆಕ್ಕಕ್ಕೆ ಇಳಿಯುತ್ತವೆ.

ಹಾಕುವುದು ಕಷ್ಟವಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಒಮ್ಮೆ ಮುಟ್ಟಿ, ಸ್ಲಾಟಿನ ಕಿವಿ ಬಿಡಿಸಿ, ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಬೇಕು. ಒಳಗೆ ಧೂಳು ಎಷ್ಟಿತ್ತೆಂದರೆ ನಾಚಿಕೆ ಆಯಿತು. ಹಳೆ ಸ್ಟಿಕ್ಕಿನ ಬಂಗಾರದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ. ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ಬಿಟ್ಟೆ, ತಪ್ಪೇನೂ ಬರಲಿಲ್ಲ. ಮುಂದಿನ 20ಕ್ಕೆ ಅಷ್ಟೂ ತೆರೆದಿಟ್ಟು ನೋಡಿದರೆ ಇನ್ ಯೂಸ್ 11ರ ಆಸುಪಾಸು.

ಹರಿಹರದಲ್ಲಿರುವ ನಮ್ಮ ಭಾವನಿಗೆ ಇದೇ ಮದ್ದು ಹೇಳಲಿಲ್ಲ. ಅವರದು 4 ಜಿಬಿಯ ಹಳೆ ಕಂಪ್ಯೂಟರ್, ಹಾರ್ಡ್ ಡಿಸ್ಕು, 32 ಬಿಟ್ ವಿಂಡೋಸ್. ಆ ವಿಂಡೋಸ್ 4 ಜಿಬಿ ಮೇಲಿನದನ್ನು ಬಳಸುವುದೇ ಇಲ್ಲ. ಅವರು ನೋಡುವುದು ಬ್ಯಾಂಕು ಮತ್ತು ಪತ್ರಿಕೆ. ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ ಅಂದೆ, ಅದರಲ್ಲೇ ಖುಷಿಯಾಗಿದ್ದಾರೆ.

ಈಗ ಮಗಳಿಗೆ ಲ್ಯಾಪ್‌ಟಾಪ್ ಹುಡುಕುತ್ತಿದ್ದೇವೆ. ಅಲ್ಲಿ ಲೆಕ್ಕ ಬೇರೆ. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಸೇರಿಸಲು ಬರುವುದಿಲ್ಲ. ಅಂಥದ್ದಾದರೆ ಕೊಳ್ಳುವಾಗಲೇ 16 ಇರಬೇಕು. ಸ್ಲಾಟ್ ಖಾಲಿ ಇದ್ದರೆ ಈಗ 8 ತಗೊಂಡು, ಬೇಕಾದಾಗ ಇನ್ನೊಂದು ಹಾಕಿಸಬಹುದು. ಹಾಗಾಗಿ ಅಂಗಡಿಗೆ ಹೋದರೆ ಬಣ್ಣ, ತೂಕ ಕೇಳುವ ಮೊದಲು ಸ್ಲಾಟ್ ಇದೆಯಾ ಅಂತಲೇ ಕೇಳುತ್ತಿದ್ದೇನೆ.