ಹುಟ್ಟುಹಬ್ಬಕ್ಕೆ ಬಂದ ರೇಷ್ಮೆ ಹುಳಗಳು

ಮಗಳಿಗೆ 5 ತುಂಬುತ್ತಿತ್ತು. "ಅಮ್ಮಾ, ಈ ಸಲ ಹುಳದ ಬರ್ತ್‌ಡೇ ಮಾಡೋಣ" ಅಂದಳು. ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಜೇಡ, ಜಿರಲೆ ಸಿಕ್ಕವು. ಮನಸ್ಸು ಒಪ್ಪಲಿಲ್ಲ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರಮಾವ ರೇಷ್ಮೆ ಬೆಳೆಯುತ್ತಾರೆ. ಅವರಿಗೆ ಫೋನ್ ಮಾಡಿದೆ.

"ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ ಕಣಮ್ಮ. ಎದ್ದ ಮೇಲೆ ಏಳೆಂಟು ದಿನಕ್ಕೆ ಹಣ್ಣಾಗುತ್ತೆ. ಆಗ ಇಟ್ಕೋ" ಅಂದರು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಹುಟ್ಟಿದ ದಿನ ಬುಧವಾರ ಇತ್ತು. ಹುಳದ ಲೆಕ್ಕ ನೋಡಿ ಪಾರ್ಟಿಯನ್ನು ಭಾನುವಾರಕ್ಕೆ ಹಾಕಿದೆ. ಎಲ್ಲ ಹುಳವೂ ಒಂದೇ ದಿನ ಹಣ್ಣಾಗುವುದಿಲ್ಲ ಅಲ್ವಾ? ಹಾಗಾಗಿ ತಟ್ಟೆಯಲ್ಲಿ ಸೊಪ್ಪು ತಿನ್ನುವ ಹುಳ, ಚಂದ್ರಿಕೆಯಲ್ಲಿ (ಹುಳ ಗೂಡು ಕಟ್ಟಲು ಬಿಡುವ ತಟ್ಟಿ) ಗೂಡು ಕಟ್ಟುವ ಹುಳ, ಎರಡೂ ಮಕ್ಕಳಿಗೆ ಸಿಕ್ಕವು.

ಒಂದು ತಪ್ಪು ಮಾಡಿದೆ. ಶನಿವಾರವೇ ಹುಳ ತಂದಿಟ್ಟು, ರಾತ್ರಿ ಅಭ್ಯಾಸದಂತೆ ಸೊಳ್ಳೆ ಔಷಧಿಯ ಮಿಷಿನ್ ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದರೆ ಹುಳಗಳು ಹಸಿರು ಕಕ್ಕಿ ಸತ್ತಿದ್ದವು. ತುಂಬಾ ಸಂಕಟವಾಯಿತು. ಮಾವ ಬೈಕಿನಲ್ಲಿ ಬೇರೆ ಹುಳ ತಂದರು. ಸೊಳ್ಳೆಬತ್ತಿ, ಊದುಬತ್ತಿ, ಸೆಂಟು ಯಾವುದೂ ಹತ್ತಿರ ಇರಬಾರದು. ಈ ಸಲ ವರಾಂಡದಲ್ಲಿ ಇಟ್ಟೆ. ಇರುವೆ ಹತ್ತದಂತೆ ಮೇಜಿನ ಕಾಲುಗಳಿಗೆ ನೀರಿನ ಬಟ್ಟಲು ಕೊಟ್ಟೆ.

ಮಕ್ಕಳಿಗೆಲ್ಲ ಮೊದಲು ಕೈ ತೊಳೆಸಿದೆ. ಹಿಪ್ಪುನೇರಳೆ ಸೊಪ್ಪು ಹಾಕಿದ ತಕ್ಷಣ ಹುಳಗಳು ಮೇಯುವ ಸದ್ದು ಕೇಳಿ ಎಲ್ಲರೂ ಸುಮ್ಮನಾದರು. ಹಣ್ಣು ಹುಳ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಾ ಎಳೆ ಬಿಡುವುದನ್ನು ಅರ್ಧ ಗಂಟೆ ನೋಡಿದರು. ಒಬ್ಬ ಹುಡುಗ ಹೆದರಿ ಕೊನೆವರೆಗೂ ಹುಳ ಮುಟ್ಟಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಆದರೆ ಸೊಪ್ಪು ಹಾಕುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ.

ಆಟ ಒಂದೇ. "ಇರುವೆ" ಅಂದರೆ ಮೂರು ಮಕ್ಕಳು ಒಬ್ಬರ ಸೊಂಟ ಒಬ್ಬರು ಹಿಡಿಯಬೇಕು, ಆರು ಕಾಲು. "ಜೇಡ" ಅಂದರೆ ನಾಲ್ವರು, ಎಂಟು ಕಾಲು. ಜೇಡ ಕೀಟ ಅಲ್ಲ ಅಂತ ಕಾಲು ಎಣಿಸಿಯೇ ಗೊತ್ತಾಯಿತು. 12 ಮಕ್ಕಳಿದ್ದರು, ಎರಡು ಸಲವೂ ಯಾರೂ ಹೊರಗೆ ಉಳಿಯಲಿಲ್ಲ.

ತಿನ್ನಲು ಪಾಲಕ್ ಹಾಕಿದ ಪುಟ್ಟ ಇಡ್ಲಿಗಳನ್ನು ಸಾಲಾಗಿ ಜೋಡಿಸಿ ಹುಳ ಮಾಡಿದ್ದೆ. ನಮ್ಮೂರಿನ ದಿಲ್‌ಖುಷ್ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಟ್ಟೆ. ಇಡೀ ದ್ರಾಕ್ಷಿ, ಕಡಲೆಕಾಯಿ ಬೀಜ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಗೂಡು ಗಟ್ಟಿಯಾಗಲು ಐದಾರು ದಿನ ಬೇಕು. ಶನಿವಾರ ಗೂಡು ಬಿಡಿಸಿ, ಪೇಪರ್ ಕಪ್ಪಿನಲ್ಲಿಟ್ಟು, ತೆಳು ಬಟ್ಟೆ ಕಟ್ಟಿ ಮಗುವಿಗೊಂದರಂತೆ ಕೊಟ್ಟೆ. ಹತ್ತು ದಿನದೊಳಗೆ ಫೋನ್‌ಗಳು ಶುರುವಾದವು. "ಆಂಟಿ, ನಮ್ಮ ಚಿಟ್ಟೆ ಹಾರ್ತಿಲ್ಲ, ಏನೂ ತಿಂತಿಲ್ಲ." ರೇಷ್ಮೆ ಚಿಟ್ಟೆ ಹಾರುವುದೂ ಇಲ್ಲ, ತಿನ್ನುವುದೂ ಇಲ್ಲ, ಕೆಲವೇ ದಿನ ಬದುಕುತ್ತದೆ ಅಂತ ಎಲ್ಲರಿಗೂ ಹೇಳಿದೆ. ಆ ಹುಡುಗ ಮಾತ್ರ ದಿನಾ ಕಪ್ಪಿಗೆ ಒಂದು ಸೊಪ್ಪು ಹಾಕುತ್ತಲೇ ಇದ್ದನಂತೆ.